ಒಂದೇ ಗಾಯದ ಎರಡು ಗಿಟಾರು

ಸಾಗರ
೪ ಆಗಸ್ಟ್ ೨೦೨೫

ಶ್ರೀ ಜಯಪ್ಪನವರಿಗೆ,

ನನ್ನ ಹೆಸರು ವಿನಯಾ. ಇಕ್ಕೇರಿ ಮೆಲೋಡೀಸ್ ಆರ್ಕೆಸ್ಟ್ರಾ ನಡೆಸುತ್ತಿದ್ದ ಹೇರಂಬ ಹೆಗಡೆಯವರ ಮಗಳು. ನಿಮ್ಮ ವಿಳಾಸವನ್ನು ಡ್ರಮ್ಸ್ ಬಾರಿಸುತ್ತಿದ್ದ ರವೀಶಣ್ಣ ಕೊಟ್ಟರು. ಕೊಡುವ ಮೊದಲು ಸ್ವಲ್ಪ ಹಿಂದೆಮುಂದೆ ನೋಡಿದರು. ನೀವು ಆರ್ಕೆಸ್ಟ್ರಾ ಬಿಟ್ಟಾಗ ನನಗೆ ಒಂಬತ್ತು ವರ್ಷ. ರಿಹರ್ಸಲ್ ಹೊತ್ತಿಗೆ ನನ್ನನ್ನು ಸ್ಪೀಕರ್ ಪೆಟ್ಟಿಗೆಯ ಮೇಲೆ ಕೂರಿಸುತ್ತಿದ್ದವರು ನೀವು ಎಂಬುದು ನೆನಪಿದೆ. ಮುಖ ಮಾತ್ರ ಮರೆತುಹೋಗಿದೆ, ಬೇಸರಿಸಬೇಡಿ.

ಆರ್ಕೆಸ್ಟ್ರಾ ಶುರುವಾಗಿ ಈ ವರ್ಷಕ್ಕೆ ಐವತ್ತು. ಡಿಸೆಂಬರ್ ಕೊನೆಯಲ್ಲಿ ಊರಿನ ಕೆಲವರು ಸೇರಿ ಅಪ್ಪಯ್ಯನಿಗೆ ಸನ್ಮಾನ ಮತ್ತು ಹಳೆಯ ವಾದ್ಯಗಳ ಪ್ರದರ್ಶನ ಇಟ್ಟುಕೊಂಡಿದ್ದಾರೆ. ಪ್ರತಿ ವಾದ್ಯದ ಕೆಳಗೆ ಅದು ಎಲ್ಲಿಯದು, ಯಾವಾಗ ಬಂತು ಎಂಬ ಚೀಟಿ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಕಾಲೇಜು ಲೈಬ್ರರಿಯಲ್ಲಿ ಇಪ್ಪತ್ತು ವರ್ಷ ಪುಸ್ತಕಗಳಿಗೆ ಚೀಟಿ ಅಂಟಿಸಿದವಳು, ಬೇಡ ಎನ್ನಲು ಕಾರಣ ಸಿಗಲಿಲ್ಲ.

ತೊಡಕಾಗಿರುವುದು ಬಾಸ್ ಗಿಟಾರಿನದು. ಅಪ್ಪಯ್ಯ ೧೯೮೪ರಲ್ಲಿ ಮುಂಬೈಯಿಂದ ತಂದ ಅಮೆರಿಕದ ಗಿಟಾರು ಎಂದು ಅದು ನಮ್ಮ ಹಾಲಿನ ಗೋಡೆಯ ಮೇಲೆ ಇದೆ. ಈಚೆಗೆ ಅದರ ಕುತ್ತಿಗೆ ಬಾಗಿರುವುದು ಕಂಡಿತು. ತೀರ್ಥಹಳ್ಳಿಯಲ್ಲಿ ಸೌಂಡ್ ಸಿಸ್ಟಂ ಅಂಗಡಿ ಇಟ್ಟಿರುವ ಲಿಖಿತ್ ಎಂಬವರನ್ನು ಕರೆಸಿದೆ. ಅವರಿಗೆ ಹಳೆಯ ಗಿಟಾರುಗಳ ಜಾತಕ ತೆಗೆಯುವ ಹುಚ್ಚು. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ ಕುತ್ತಿಗೆಯನ್ನು ಕಳಚಿ ನೋಡಿದವರು, "ಮೇಡಂ, ಇದು ಅಮೆರಿಕಾನೂ ಅಲ್ಲ, ಎಂತದೂ ಅಲ್ಲ. ಕುತ್ತಿಗೆ ಒಳಗೆ ಬಾಗದ ಹಾಗೆ ಹಾಕೋ ಕಬ್ಬಿಣದ ಸರಳೇ ಇಲ್ಲ. ಇಲ್ಲೇ ನಮ್ಮ ಕಡೆ ಯಾರೋ ಮಾಡಿದ್ದು" ಎಂದರು.

೧೯೮೯ರಲ್ಲಿ ನೀವು ಅಸಲಿ ಗಿಟಾರನ್ನು ಮನೆಯಲ್ಲಿಟ್ಟುಕೊಂಡು ಆರ್ಕೆಸ್ಟ್ರಾಕ್ಕೆ ನಕಲಿ ತಂದಿಟ್ಟಿರಿ ಎಂದು ನಿಮ್ಮನ್ನು ಬಿಡಿಸಿದ್ದು, ಅಪ್ಪಯ್ಯ ನಿಮ್ಮ ಮನೆಗೆ ಬಂದು ಅಸಲಿಯನ್ನು ವಾಪಸು ತಂದದ್ದು, ನಾವು ಕೇಳಿಕೊಂಡು ಬೆಳೆದ ಸಂಗತಿ. ಹಾಗಾದರೆ ವಾಪಸು ಬಂದದ್ದೂ ನಕಲಿಯೇ? ಆರೋಪ ಮಾಡುತ್ತಿಲ್ಲ, ಕೇಳುತ್ತಿದ್ದೇನೆ. ಅಸಲಿ ನಿಮ್ಮಲ್ಲಿದ್ದರೆ ಮೂರು ದಿನದ ಮಟ್ಟಿಗೆ ಕೊಡಬಹುದೇ? ನನ್ನ ಫೋನ್ ನಂಬರು ಕೆಳಗಿದೆ.

ವಿನಯಾ

*

ಹೊಸನಗರ
೧೩ ಆಗಸ್ಟ್ ೨೦೨೫

ಅಮ್ಮನವರಿಗೆ ಜಯಪ್ಪ ಮಾಡುವ ನಮಸ್ಕಾರ.

ಫೋನಿನಲ್ಲಿ ಮಾತಾಡುವ ಹಾಗಿಲ್ಲ. ನನಗೆ ಕಿವಿ ಕೇಳುವುದಿಲ್ಲ. ಹದಿನಾಲ್ಕು ವರ್ಷ ನಿಮ್ಮ ತಂದೆಯವರ ಸ್ಪೀಕರಿನ ಪಕ್ಕ ನಿಂತೆ, ಆಮೇಲೆ ಇಪ್ಪತ್ತೆರಡು ವರ್ಷ ಇಲ್ಲಿ ಅಕ್ಕಿ ಗಿರಣಿಯಲ್ಲಿ ನಿಂತೆ. ಎಡಗಿವಿ ಹೆಗಡೇರದ್ದು, ಬಲಗಿವಿ ಗಿರಣಿ ಸಾಹುಕಾರರದ್ದು ಎಂದು ತಮಾಷೆ ಮಾಡುತ್ತಿರುತ್ತೇನೆ. ಮಗ ಕೊಡಿಸಿದ ಮಿಷನ್ನು ಬರೀ ಗುಂಯ್ ಎನ್ನುತ್ತದೆ, ತೆಗೆದಿಟ್ಟಿದ್ದೇನೆ. ಮನೆಯವರ ಮಾತು ಮಾತ್ರ ಎದುರು ಕೂತರೆ ತುಟಿ ನೋಡಿ ತಿಳಿಯುತ್ತದೆ. ಏನಿದ್ದರೂ ಬರೆದು ಕಳಿಸಿ. ಪೋಸ್ಟ್‌ಮ್ಯಾನ್ ವಿನೋದ ನಮ್ಮ ಬೀದಿಗೆ ದಿನಾ ಬರುತ್ತಾನೆ.

ನಾನು ಕದ್ದಿಲ್ಲ. ಈ ಮಾತನ್ನು ೧೯೮೯ರಲ್ಲಿ ಎಷ್ಟು ಜನರಿಗೆ ಹೇಳಿದೆನೆಂದರೆ, ಕೊನೆಗೆ ನನಗೇ ಅದು ಸುಳ್ಳಿನ ಹಾಗೆ ಕೇಳಿಸುತ್ತಿತ್ತು. ಊರಿನ ಮದುವೆ ಮನೆಯಲ್ಲಿ ನಾನು ಹೋಗಿ ಕೂತರೆ ಚಪ್ಪಲಿ ಹುಷಾರು ಎಂದು ನಗುತ್ತಿದ್ದರು. ಅದಕ್ಕೇ ಸಾಗರದ ಕಡೆ ಬಿಟ್ಟು ಹೆಂಡತಿಯ ಊರಿಗೆ ಬಂದೆ. ನಿಮ್ಮ ಪತ್ರ ನೋಡಿ ಹೆಂಡತಿ ಗುತ್ಯಮ್ಮ, "ಮೂವತ್ತಾರ್ ವರ್ಷ ಆದ್ಮೇಲೆ ಈಗ ನೆನಪಾತಾ ಅವ್ರಿಗೆ? ಒಲೆಗೆ ಹಾಕಿ" ಎಂದಳು. ಹಾಕಬೇಕಿತ್ತೇನೋ. ನೀವು ಸ್ಪೀಕರಿನ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದುದು ನನಗೂ ನೆನಪಿದೆ, ಹಾಗಾಗಿ ಬರೆಯುತ್ತಿದ್ದೇನೆ.

ಒಂದು ವಿಷಯ ತಿಳಿಸಿ. ಇದನ್ನು ಕೇಳುತ್ತಿರುವುದು ನೀವಾ, ಹೆಗಡೇರಾ?

ಜಯಪ್ಪ

*

ಸಾಗರ
೨೫ ಆಗಸ್ಟ್ ೨೦೨೫

ಜಯಪ್ಪನವರಿಗೆ ನಮಸ್ಕಾರ.

ಕೇಳುತ್ತಿರುವುದು ನಾನು. ಅಪ್ಪಯ್ಯನಿಗೂ ತಿಳಿಯಬೇಕೆಂಬ ಆಸೆ ಇದ್ದೇ ಇದೆ.

ಒಂದು ಹೆಜ್ಜೆ ಮುಂದೆ ಹೋಗಿದ್ದೇನೆ. ನಮ್ಮ ಗಿಟಾರಿನ ಕೆಳ ಅಂಚಿನಲ್ಲಿ ಮರ ಸೀಳಿದ ಜಾಗಕ್ಕೆ ಬೀಟೆಯ ಸಣ್ಣ ತುಂಡೊಂದನ್ನು ಕೂರಿಸಿದ ಗುರುತಿದೆ. ೧೯೮೭ರಲ್ಲಿ ಸಿಗಂದೂರು ಕಾರ್ಯಕ್ರಮಕ್ಕೆ ಹೋಗುವಾಗ ಲಾಂಚಿನ ಕಬ್ಬಿಣದ ಹಲಗೆಯ ಮೇಲೆ ಗಿಟಾರು ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆ ಗಾಯ ಇದರಲ್ಲಿ ಇರುವುದರಿಂದ ಇದೇ ಅಸಲಿ ಎಂದು ನಾನು ಲಿಖಿತರ ಜೊತೆ ವಾದ ಮಾಡಿದೆ. ಅವರು ಆ ಬೀಟೆ ತುಂಡನ್ನು ನೋಡಿ, ಇದನ್ನು ಕೂರಿಸಿದವರು ಯಾರು ಎಂದು ಕೇಳಿದರು. ಮರುದಿನ ಇಬ್ಬರೂ ಗುಡಿಗಾರರ ಕೇರಿಗೆ ಹೋದೆವು.

ಅಲ್ಲಿ ಪೂರ್ಣೇಶ್ ಎಂಬವರಿದ್ದಾರೆ, ಗಂಧದ ಕೆತ್ತನೆ ಮಾಡುತ್ತಾರೆ. ಆಗ ಗಾಯಕ್ಕೆ ತುಂಡು ಕೂರಿಸಿದವರು ಅವರ ತಂದೆ. ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಕೆರೆದು ನೋಡಿ, "ಇದು ನಮ್ ಕಡೆ ಶಿವನೆ ಮರ. ಪೂರ್ತಿ ನಮ್ಮಪ್ಪನ ಕೆಲ್ಸ" ಎಂದರು. ಗಾಯ ಹೇಗೆ ಬಂತು ಹಾಗಾದರೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಮಾದರಿ ಕೊಟ್ಟು ಇದರ ಹಾಗೇ ಬೇಕು ಅಂದ್ರೆ ಅದ್ರಲ್ಲಿ ಇದ್ದದ್ದೆಲ್ಲ ತೆಗೀಬೇಕಲ್ಲ ಮೇಡಂ. ಯಾವ್ದು ಬೇಕು ಯಾವ್ದು ಬೇಡ ಅಂತ ಆರಿಸೋಕೆ ನಾವ್ಯಾರು? ಅಪ್ಪ ಮೊದ್ಲು ಗಾಯ ಮಾಡಿ, ಆಮೇಲೆ ಬೀಟೆ ತುಂಡು ಕೂರ್ಸಿರ್ತಾರೆ."

ಗಿಟಾರಿನ ತಲೆಯ ಮೇಲಿನ ಅಮೆರಿಕದ ಹೆಸರನ್ನೂ ಅವರ ತಂದೆಯೇ ಬರೆದಿದ್ದಾರೆ. ಇಂಗ್ಲಿಷ್ ಬರುತ್ತಿರಲಿಲ್ಲವಂತೆ, ಅಕ್ಷರವನ್ನು ಬಳ್ಳಿಯ ಹಾಗೆ ನೋಡಿಕೊಂಡು ಬಿಡಿಸಿದರಂತೆ.

ಈಗ ನನ್ನ ಪ್ರಶ್ನೆ: ಮಾದರಿ ಕೊಟ್ಟು ಮಾಡಿಸಿದವರು ಯಾರು? ಪೂರ್ಣೇಶರಿಗೆ ಗೊತ್ತಿಲ್ಲ.

ವಿನಯಾ

*

ಹೊಸನಗರ
೯ ಸೆಪ್ಟೆಂಬರ್ ೨೦೨೫

ವಿನಯಮ್ಮನವರಿಗೆ,

ಮಾಡಿಸಿದವನು ನಾನು.

ಆರ್ಕೆಸ್ಟ್ರಾದ ಗಿಟಾರು ಕಾರ್ಯಕ್ರಮ ಮುಗಿದ ಕೂಡಲೇ ಪೆಟ್ಟಿಗೆಗೆ ಹೋಗುತ್ತಿತ್ತು, ಪೆಟ್ಟಿಗೆ ನಿಮ್ಮ ಮನೆಗೆ ಹೋಗುತ್ತಿತ್ತು. ನನಗೆ ಅಭ್ಯಾಸ ಮಾಡಲು ಸಿಗುತ್ತಿದ್ದುದು ಸ್ಟೇಜಿನ ಮೇಲೆ ಮಾತ್ರ. ಕೀಬೋರ್ಡಿನವರು, ತಬಲದವರು ಅವರವರ ವಾದ್ಯವನ್ನು ಮನೆಗೆ ಒಯ್ಯುತ್ತಿದ್ದರು. ನಾನು ಕೇಳಿದಾಗ ಹೆಗಡೇರು, "ಅಮೆರಿಕದ್ದು ಮಾರಾಯ, ನಿಮ್ಮ ಮನೇಲಿ ಎಲ್ಲಿ ಇಡ್ತೀಯ?" ಎಂದರು. ತಪ್ಪು ಹೇಳಿದರು ಎನ್ನಲಾರೆ. ಆಗ ನಮ್ಮದು ಹುಲ್ಲಿನ ಮಾಡು.

ಬಿದ್ದ ಗಿಟಾರು ಗುಡಿಗಾರರ ಹತ್ತಿರ ಹದಿನೆಂಟು ದಿನ ಇತ್ತು. ಆಗ ಮುದುಕರಿಗೆ ಹೇಳಿ ನನಗೊಂದು ಮಾಡಿಸಿಕೊಂಡೆ. ರೇಡಿಯೋ ರಿಪೇರಿಯ ಸತೀಶ ತಂತಿ ಸುತ್ತಿ ಒಳಗಿನ ಸಾಮಾನು ಮಾಡಿಕೊಟ್ಟ. ಶ್ರುತಿಗೆ ಕಿವಿ ಹಿಂಡುವ ಕೀಗಳನ್ನು ಮಂಗಳೂರಿನಿಂದ ಎರಡು ಸೆಟ್ ತರಿಸಿ, ತುಕ್ಕು ಹಿಡಿದಿದ್ದ ಹೆಗಡೇರದ್ದಕ್ಕೂ ಹಾಕಿದೆ. ಹಾಗಾಗಿ ಎರಡೂ ಅಣ್ಣತಮ್ಮನ ಹಾಗೆ ಕಾಣುತ್ತಿದ್ದವು. ನಾನು ಯಾರಿಗೂ ಹೇಳಲಿಲ್ಲ. ನನ್ನದು ಅಂತ ಇದ್ದ ಮೊದಲ ವಸ್ತು ಅದು, ಹೇಳಿದರೆ ನಗುತ್ತಾರೆ ಎಂದು ಸಂಕೋಚ.

೧೯೮೯ರ ಗಣಪತಿ ಕಾರ್ಯಕ್ರಮಕ್ಕೆ ಬೆಂಗಳೂರಿನಿಂದ ಬಂದ ಗಿಟಾರಿನವರೊಬ್ಬರು ಸ್ಟೇಜಿನ ಹಿಂದೆ ನಮ್ಮದನ್ನು ತಿರುಗಿಸಿ ನೋಡಿ, "ಇದು ಡೂಪ್ಲಿಕೇಟ್ ಹೆಗಡೇರೇ" ಎಂದುಬಿಟ್ಟರು. ಎಲ್ಲರ ಎದುರಿಗೇ. ಹೆಗಡೇರ ಮುಖ ಅವತ್ತು ಹೇಗಾಯಿತೋ ಅದನ್ನು ಬರೆಯಲು ಬರುವುದಿಲ್ಲ. ನನ್ನ ಮನೆಯಲ್ಲಿ ಇನ್ನೊಂದಿದೆ ಎಂದು ಸತೀಶ ಬಾಯಿಬಿಟ್ಟ. ಮಾರನೇ ದಿನ ಮಧ್ಯಾಹ್ನ ಜೀಪು ಬಂತು. ಅಂಗಳದಲ್ಲಿ ಎರಡನ್ನೂ ಪಕ್ಕದಲ್ಲಿ ಮಲಗಿಸಿದರು. ಹೆಗಡೇರು ಹಾಡುವವರು, ಬಾಸ್ ಹಿಡಿದವರಲ್ಲ. "ಮನೇಲಿ ಬಚ್ಚಿಟ್ಟಿದ್ದೇ ಅಸಲಿ. ಇಲ್ದಿದ್ರೆ ಬಚ್ಚಿಡೋದು ಯಾಕೆ?" ಎಂದು ಅಟ್ಟದಿಂದ ತೆಗೆಸಿದ್ದನ್ನು ಒಯ್ದರು. ತಾವು ತಂದದ್ದನ್ನು ಅಲ್ಲೇ ಬಿಟ್ಟು ಹೋದರು.

ಅದು ಇನ್ನೂ ನನ್ನ ಹತ್ತಿರ ಇದೆ. ಆ ತೀರ್ಥಹಳ್ಳಿಯವರು ಬೇಕಾದರೆ ಬಂದು ನೋಡಲಿ. ನನಗೆ ಇದೆಲ್ಲ ಸಾಕಾಗಿದೆ.

ಜಯಪ್ಪ

*

ಸಾಗರ
೨೩ ಸೆಪ್ಟೆಂಬರ್ ೨೦೨೫

ಜಯಪ್ಪಣ್ಣ,

ಹೀಗೆ ಕರೆಯಬಹುದು ತಾನೆ? ಚಿಕ್ಕವಳಿದ್ದಾಗ ಹಾಗೇ ಕರೆಯುತ್ತಿದ್ದೆನಂತೆ.

ಲಿಖಿತ್ ನಿಮ್ಮಲ್ಲಿಂದ ನೇರ ಇಲ್ಲಿಗೇ ಬಂದರು. ಗುತ್ಯಮ್ಮನವರು ಬಲವಂತ ಮಾಡಿ ಊಟ ಹಾಕಿದ್ದನ್ನು ಮೊದಲು ಹೇಳಿ, ಆಮೇಲೆ ಗಿಟಾರಿನ ವಿಷಯಕ್ಕೆ ಬಂದರು. ನಿಮ್ಮಲ್ಲಿರುವುದರ ಕುತ್ತಿಗೆಯ ಬುಡದಲ್ಲಿ ರಬ್ಬರ್ ಮುದ್ರೆ ಇದೆ, ಜಪಾನಿ ಅಕ್ಷರ. ತಲೆಯ ಕಪ್ಪು ಬಣ್ಣದ ಅಡಿಯಲ್ಲಿ ಬೇರೊಂದು ಹೆಸರನ್ನು ಕೆರೆದು ತೆಗೆದ ಗುರುತಿದೆ. ಎಪ್ಪತ್ತರ ದಶಕದಲ್ಲಿ ಜಪಾನಿನ ಕೆಲವು ಕಾರ್ಖಾನೆಗಳು ಅಮೆರಿಕದ ಹೆಸರುವಾಸಿ ಗಿಟಾರುಗಳನ್ನು ನೋಡಿಕೊಂಡು ಹಾಗೆಯೇ ಮಾಡುತ್ತಿದ್ದವಂತೆ. ಮುಂಬೈಯಲ್ಲಿ ಯಾರೋ ಅದರ ಹೆಸರು ಕೆರೆದು ಅಮೆರಿಕದ ಹೆಸರು ಅಂಟಿಸಿ ಅಪ್ಪಯ್ಯನಿಗೆ ದಾಟಿಸಿದ್ದಾರೆ. "ನಿಮ್ಮ ಮನೇಲಿರೋದು ನಕಲಿನ ನಕಲು ಮೇಡಂ, ಅವರ ಮನೇದು ಬರೀ ನಕಲು" ಎಂದು ಲಿಖಿತ್ ನಕ್ಕರು.

ನನಗೆ ನಗು ಬರಲಿಲ್ಲ. ಬೆಂಗಳೂರಿನವರು ಡೂಪ್ಲಿಕೇಟ್ ಎಂದದ್ದು ಅಪ್ಪಯ್ಯ ಮುಂಬೈಯಿಂದ ತಂದ ಗಿಟಾರನ್ನೇ. ಅದು ಮೊದಲ ದಿನದಿಂದಲೂ ಡೂಪ್ಲಿಕೇಟೇ ಆಗಿತ್ತು. ಯಾರೂ ಏನನ್ನೂ ಬದಲಿಸಿರಲಿಲ್ಲ. ಬದಲಿಸಿದವರು ಅಪ್ಪಯ್ಯ, ನಿಮ್ಮ ಅಂಗಳದಲ್ಲಿ, ತಿಳಿಯದೆ. ನೀವು ಮೂವತ್ತಾರು ವರ್ಷ ಸುಮ್ಮನೆ ಕಳ್ಳ ಅನ್ನಿಸಿಕೊಂಡಿರಿ. ನಿನ್ನೆ ಲೈಬ್ರರಿಯಲ್ಲಿ ಕೂತು ಇದನ್ನೇ ಯೋಚಿಸಿ ಅತ್ತುಬಿಟ್ಟೆ.

ನಾನೂ ಎರಡು ವಿಷಯ ಮುಚ್ಚಿಟ್ಟಿದ್ದೆ. ನಾನು ನಿಮಗೆ ಬರೆಯುತ್ತಿರುವುದು ಅಪ್ಪಯ್ಯನಿಗೆ ಗೊತ್ತಿಲ್ಲ. ಮತ್ತೆ, 'ಅಮೆರಿಕದ ಅಸಲಿ ಬಾಸ್ ಗಿಟಾರು' ಎಂಬ ಚೀಟಿ ಜುಲೈನಲ್ಲೇ ಪ್ರಿಂಟಾಗಿ ಬಂದಿದೆ. ಅದನ್ನು ಹರಿದು ಹಾಕಿದ್ದೇನೆ. ಅಪ್ಪಯ್ಯನಿಗೆ ಎಂಬತ್ತೊಂದು. ಅವರಿಗೆ ಎಲ್ಲವನ್ನೂ ಹೇಳುತ್ತೇನೆ. ಅವರು ಬದುಕಿರುವಾಗಲೇ, ಅವರ ಬಾಯಿಂದಲೇ ನಿಮ್ಮ ಹೆಸರು ಸರಿಯಾಗಬೇಕು.

ವಿನಯಾ

*

ಹೊಸನಗರ
೨ ಅಕ್ಟೋಬರ್ ೨೦೨೫

ವಿನಯಮ್ಮ,

ಅಳಬೇಡಿ. ಅಳುವಂಥದ್ದು ಏನೂ ಇಲ್ಲ. ಈ ಪತ್ರ ಓದಿದ ಮೇಲೆ ನೀವು ಹೆಗಡೇರಿಗೆ ಹೇಳುವುದೋ ಬಿಡುವುದೋ ನಿಮಗೇ ಬಿಟ್ಟದ್ದು.

ಐದು ವರ್ಷ ನಾನು ಅದನ್ನು ಅಮೆರಿಕದ್ದು ಎಂದೇ ತಿಳಿದು ನುಡಿಸಿದೆ. ಸ್ಟೇಜಿಗೆ ಹತ್ತುವ ಮುಂಚೆ ಕೈ ತೊಳೆದುಕೊಳ್ಳುತ್ತಿದ್ದೆ. ಅದೂ ಸುಳ್ಳಾಯಿತು, ಇರಲಿ.

ನೀವು ನನ್ನನ್ನು ಒಳ್ಳೆಯವನು ಎಂದು ತಿಳಿದುಕೊಂಡಿದ್ದೀರಿ. ಅವತ್ತು ಜೀಪು ಹೋದ ಮೇಲೆ ಅಂಗಳದಲ್ಲಿದ್ದ ಗಿಟಾರನ್ನು ಒಳಗಿಡಲು ಎತ್ತಿದೆ. ಎತ್ತಿದ ಕೂಡಲೇ ತಿಳಿಯಿತು. ಶಿವನೆ ಹಗುರ, ಇದು ಕಲ್ಲಿನ ಭಾರ. ಹೆಗಡೇರು ನನ್ನದನ್ನು ಒಯ್ದು ತಮ್ಮದನ್ನು ಬಿಟ್ಟು ಹೋಗಿದ್ದಾರೆ ಎಂದು ನನಗೆ ಅವತ್ತೇ ಗೊತ್ತು. ಸಂಜೆಯ ಬಸ್ಸಿಗೆ ಹೋಗಿ ಬದಲಿಸಿಕೊಂಡು ಬರಬಹುದಿತ್ತು. ಚಪ್ಪಲಿ ಹಾಕಿಕೊಂಡು ಬೇಲಿಯ ತನಕ ಹೋಗಿದ್ದೆ ಕೂಡ. ಆಮೇಲೆ ಅನ್ನಿಸಿತು, ಕಳ್ಳ ಎಂದರಲ್ಲ, ಇರಲಿ, ಈಗ ಕಳ್ಳನ ಹತ್ತಿರವೇ ಇರಲಿ. ಅವರು ನಕಲಿಯನ್ನು ಗೋಡೆಗೆ ಹಾಕಿಕೊಂಡು ಬಂದವರಿಗೆಲ್ಲ ಅಮೆರಿಕ ಅಮೆರಿಕ ಎನ್ನುತ್ತಿದ್ದಾರೆ ಎಂದು ಕೇಳಿದಾಗಲೆಲ್ಲ ಒಳಗೊಳಗೇ ಖುಷಿಯಾಗುತ್ತಿತ್ತು. ಕೆಟ್ಟ ಖುಷಿ. ಸುಮಾರು ಹತ್ತು ವರ್ಷ ಅದರ ಮೇಲೇ ಬದುಕಿದೆ. ಆಮೇಲೆ ಆ ಖುಷಿಯೂ ಹೋಯಿತು, ಗಿಟಾರು ಮಾತ್ರ ಉಳಿಯಿತು. ಒಂದು ದಿನವೂ ಅದರ ತಂತಿ ಮುಟ್ಟಿಲ್ಲ.

ಹೆಗಡೇರು ಕಳ್ಳ ಎಂದ ದಿನ ನಾನು ಕಳ್ಳನಾಗಿರಲಿಲ್ಲ. ಮಾರನೇ ದಿನದಿಂದ ಆದೆ. ಗುತ್ಯಮ್ಮನಿಗೂ ಇದು ಗೊತ್ತಿಲ್ಲ.

ಜಯಪ್ಪ

*

ಹೊಸನಗರ
೩೦ ಅಕ್ಟೋಬರ್ ೨೦೨೫

ವಿನಯಮ್ಮನವರಿಗೆ,

ನಿಮ್ಮ ಪತ್ರ ಬಂದಿಲ್ಲ. ದೀಪಾವಳಿಯೂ ಆಯಿತು. ವಿನೋದನನ್ನು ದಿನಾ ಕೇಳುತ್ತಿದ್ದೇನೆ, ಅವನು ದೂರದಿಂದಲೇ ಕೈ ಅಲ್ಲಾಡಿಸುತ್ತಾನೆ. ಬೈಯುವುದಿದ್ದರೂ ಬರೆದು ಬೈಯಿರಿ. ಹೀಗೆ ಬಾಯಿ ಮುಚ್ಚಿಕೊಂಡು ಕೂತರೆ ನನಗೆ ಏನೇನೋ ಯೋಚನೆ ಬರುತ್ತದೆ.

ಜಯಪ್ಪ

*

ಸಾಗರ
೧೭ ನವೆಂಬರ್ ೨೦೨೫

ಜಯಪ್ಪಣ್ಣ,

ಬೈದು ಎರಡು ಪತ್ರ ಬರೆದಿದ್ದೆ. ಎರಡನ್ನೂ ಪೋಸ್ಟ್ ಮಾಡಲಿಲ್ಲ. ನಿಮ್ಮ ಪರವಾಗಿ ಜಗಳ ಆಡಲು ಸೊಂಟ ಕಟ್ಟಿ ನಿಂತಿದ್ದವಳಿಗೆ ನೀವು ಹಾಗೆ ಬರೆದದ್ದು ನುಂಗಲು ಆಗಲಿಲ್ಲ. ನಿಮಗೆ ಗೊತ್ತಿತ್ತು ಎಂದ ಮೇಲೆ ಅಪ್ಪಯ್ಯನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಆರು ವಾರ ಆ ಗಿಟಾರಿನ ಕೆಳಗೇ ಕೂತು ಊಟ ಮಾಡಿದೆ, ತಲೆ ಎತ್ತಿ ನೋಡಲಿಲ್ಲ.

ನಿನ್ನೆ ಭಾನುವಾರ ಬೇಸತ್ತು ನಿಮ್ಮ ಪತ್ರಗಳನ್ನೆಲ್ಲ ಅಪ್ಪಯ್ಯನಿಗೆ ಓದಿದೆ. ನಿಮಗೂ ಗೊತ್ತಿತ್ತು ಎಂದು ಬರೆದದ್ದನ್ನೂ ಓದಿದೆ, ಒಂದು ಸಾಲೂ ಬಿಡಲಿಲ್ಲ. ಅವರು ಪೇಪರು ಮಡಿಸಿ ಪಕ್ಕಕ್ಕಿಟ್ಟರು. ಆಮೇಲೆ, "ಯಂಗೂ ಗೊತ್ತಿತ್ತು" ಎಂದರು.

ನನಗೆ ಅರ್ಥವಾಗಲಿಲ್ಲ. ಅವರಿಗೆ ಎಂತ ಗೊತ್ತಿತ್ತು ಎಂದು ಕೇಳಿದೆ.

"ಜಯಪ್ಪನ ಮನೆಯಿಂದ ತಂದಿದ್ದು ನಮ್ಮದಲ್ಲ ಹೇಳಿ ಗೊತ್ತಿತ್ತು. ಬಾಸಿಗೆ ಹೊಸಬ ಬಂದು ಹೆಗಲಿಗೆ ಹಾಕಿದವ್ನೇ, ಇದೆಂತ ಇಷ್ಟು ಹಗೂರ ಅಂದ. ಅವತ್ತೇ ಗೊತ್ತಾತು. ವಾಪಸ್ ಹೋಗಿ ಎಂತ ಹೇಳದು? ಜೀಪಲ್ಲಿ ಹೋಗಿ ಊರೆಲ್ಲ ಕೇಳ ಹಾಂಗೆ ಬೈದು ಬಂದವ, ತಪ್ಪಾತು ಹೇಳಲೆ ಬಾಯಿ ಬರಲ್ಲೆ."

ಅಪ್ಪಯ್ಯ ಇದನ್ನು ಹೇಳಿದ್ದು ಬಹಳ ಸಾಧಾರಣವಾದ ದನಿಯಲ್ಲಿ. ಇಬ್ಬರೂ ಮೂವತ್ತಾರು ವರ್ಷ ಇನ್ನೊಬ್ಬರ ಗಿಟಾರನ್ನು ಇಟ್ಟುಕೊಂಡು, ಗೊತ್ತಿದ್ದೂ, ಮೂರು ತಾಸಿನ ದಾರಿಯೂ ಇಲ್ಲದ ಊರುಗಳಲ್ಲಿ ಕೂತಿದ್ದೀರಿ. ಇನ್ನು ಯಾರ ಮೇಲೆ ಸಿಟ್ಟು ಮಾಡಲಿ? ನನಗೆ ಅಷ್ಟು ಶಕ್ತಿ ಉಳಿದಿಲ್ಲ.

ಡಿಸೆಂಬರ್ ೨೮, ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಕಾರ್ಯಕ್ರಮ. ಗಿಟಾರು ತೆಗೆದುಕೊಂಡು ನೀವು ಬರಲೇಬೇಕು. ಅಪ್ಪಯ್ಯನಿಗೆ ನಿಮ್ಮನ್ನು ನೋಡಬೇಕಂತೆ. ಇಷ್ಟೇ ಈಗ ಬರೆಯುತ್ತೇನೆ.

ವಿನಯಾ

*

ಹೊಸನಗರ
೨೯ ಡಿಸೆಂಬರ್ ೨೦೨೫

ವಿನಯಾ ಅವರಿಗೆ,

ಕರೆದಿರಿ, ಬಂದೆ. ಬೆಳಿಗ್ಗೆ ಏಳರ ಬಸ್ಸಿಗೆ ಗಿಟಾರನ್ನು ಕಂಬಳಿಯಲ್ಲಿ ಸುತ್ತಿಕೊಂಡು ಬಂದೆ. ಮಗನ ಅಂಗಿ ಹಾಕಿಕೊಂಡಿದ್ದೆ. ಹೆಗಡೇರು ನೋಡಬೇಕು ಅಂದರು ಎಂದು ಬರೆದಿದ್ದಿರಲ್ಲ, ಎರಡು ಮಾತು ಎದುರೆದುರು ಆಡುತ್ತಾರೇನೋ ಎಂದುಕೊಂಡಿದ್ದೆ. ಅವರು ಮುಂದಿನ ಸಾಲಿನಲ್ಲಿ ಕೂತಿದ್ದರು, ತಿರುಗಲಿಲ್ಲ. ನೀವು ಓಡಾಟದಲ್ಲಿದ್ದಿರಿ. ಎರಡು ಗಿಟಾರನ್ನೂ ಮೇಜಿನ ಮೇಲೆ ಜೊತೆಗಿಟ್ಟು ಚೀಟಿಯ ಮೇಲೆ ಬಟ್ಟೆ ಮುಚ್ಚಿದ್ದಿರಿ. ನಾನು ಕೊನೆಯ ಸಾಲಿನಲ್ಲಿ ಕೂತೆ.

ಯಾರು ಏನು ಹೇಳಿದರೋ ನನಗೇನು ಗೊತ್ತು. ತುಟಿ ನೋಡುತ್ತ ಕೂತಿದ್ದೆ, ಅಷ್ಟು ದೂರಕ್ಕೆ ಏನೂ ತಿಳಿಯಲಿಲ್ಲ. ಹೆಗಡೇರನ್ನು ಹಿಡಿದು ಎಬ್ಬಿಸಿ ಮೈಕಿನ ಮುಂದೆ ನಿಲ್ಲಿಸಿದಿರಿ. ಸ್ವಲ್ಪ ಹೊತ್ತು ಮಾತಾಡಿದರು. ಆಮೇಲೆ ನನ್ನತ್ತ ಕೈ ತೋರಿಸಿದರು. ಇಡೀ ಸಭೆ ತಿರುಗಿ ನನ್ನನ್ನು ನೋಡಿತು. ಮುನ್ನೂರು ಜನ ಇರಬಹುದು. ಯಾರೂ ನಗಲಿಲ್ಲ. ರವೀಶ ಕರ್ಚೀಫಿನಿಂದ ಮುಖ ಮುಚ್ಚಿಕೊಂಡ.

ನಾನು ಕಳ್ಳನಾದೆ ಎಂದು ಬರೆದ ಪತ್ರವನ್ನು ಮೈಕಿನಲ್ಲಿ ಓದಿಸಿದಿರಾ? ಕಳ್ಳ ತಾನೇ ಒಪ್ಪಿಕೊಂಡಿದ್ದಾನೆ ಎಂದು ಹೇಳಿಸಲು ಇಷ್ಟು ದೂರ ಕರೆಸಬೇಕಿತ್ತಾ? ಮನೆಗೆ ಬಂದು ಬೈದು ಹೋದವರು ಈಗ ಸಭೆ ಕರೆದು ಬೈದರು. ನಾನು ಎದ್ದು ಮೇಜಿನ ಹತ್ತಿರ ಬಂದು ಗಿಟಾರು ಎತ್ತಿಕೊಂಡು ಹೊರಟೆ. ನೀವು ಕೂಗಿದಿರೇನೋ, ಬಾಯಿ ಆಡುತ್ತಿತ್ತು. ಇಷ್ಟು ಜನರ ಎದುರು ಗಿಟಾರು ಎತ್ತಿಕೊಂಡು ಓಡಿದವ ಕಳ್ಳನೇ ಸರಿ, ಚೀಟಿಯಲ್ಲಿ ಹಾಗೇ ಬರೆದುಕೊಳ್ಳಿ.

ಇನ್ನು ಪತ್ರ ಬೇಡ.

ಜಯಪ್ಪ

*

ಸಾಗರ
೩ ಜನವರಿ ೨೦೨೬

ಜಯಪ್ಪಣ್ಣ,

ದಮ್ಮಯ್ಯ, ಇದೊಂದನ್ನು ಪೂರ್ತಿ ಓದಿ. ಬಸ್‌ಸ್ಟ್ಯಾಂಡಿಗೆ ಓಡಿ ಬರುವಷ್ಟರಲ್ಲಿ ನಿಮ್ಮ ಬಸ್ಸು ಹೋಗಿತ್ತು. ಗುತ್ಯಮ್ಮನವರಿಗೆ ಫೋನ್ ಮಾಡಿ ಹೇಳಬಹುದಿತ್ತು, ಆದರೆ ಈ ಮಾತು ನಿಮಗೆ ಅರ್ಧಂಬರ್ಧ ತಲುಪಬಾರದು. ಕಾರ್ಯಕ್ರಮದ ವಿಡಿಯೋ ಹುಡುಕಿಸಿ, ಅಪ್ಪಯ್ಯ ಆಡಿದ್ದನ್ನು ಆಡಿದ ಹಾಗೇ ಬರೆದಿದ್ದೇನೆ.

"ಎಲ್ಲರಿಗೂ ನಮಸ್ಕಾರ. ನನಗೆ ಶಾಲು ಹಾಕುವ ಮುಂಚೆ ಒಂದು ಮಾತು ಹೇಳಬೇಕು. ಆಮೇಲೆ ಬೇಕು ಅನ್ನಿಸಿದರೆ ಹಾಕಿ. ಈ ಮೇಜಿನ ಮೇಲೆ ಎರಡು ಗಿಟಾರು ಇವೆ. ಒಂದನ್ನು ನಾನು ಮುಂಬೈಯಲ್ಲಿ ಮೋಸ ಹೋಗಿ ತಂದೆ. ಇನ್ನೊಂದನ್ನು ನಮ್ಮ ಬಾಸಿನ ಜಯಪ್ಪ ತನಗೆ ಅಂತ ಗುಡಿಗಾರರ ಹತ್ತಿರ ಮಾಡಿಸಿಕೊಂಡಿದ್ದ. ನನಗೆ ಮೋಸ ಆಗಿದೆ ಅಂತ ಒಪ್ಪಿಕೊಳ್ಳೋಕೆ ಆಗಲಿಲ್ಲ. ಅದಕ್ಕೆ ಜಯಪ್ಪ ಬದಲಿಸಿದ ಅಂದೆ. ಅವನ ಮನೆಗೆ ನುಗ್ಗಿ ಅವನ ಗಿಟಾರು ಎತ್ತಿಕೊಂಡು ಬಂದೆ. ಅದು ಅವನದೇ ಅಂತ ವಾರದಲ್ಲೇ ಗೊತ್ತಾಯಿತು. ಕೊಡಲಿಲ್ಲ. ಮೂವತ್ತಾರು ವರ್ಷ ಗೋಡೆಗೆ ನೇತುಹಾಕಿಕೊಂಡೆ. ಜಯಪ್ಪ ಅಲ್ಲಿ ಹಿಂದೆ ಕೂತಿದ್ದಾನೆ. ಎಲ್ಲರೂ ತಿರುಗಿ ಅವನನ್ನು ಒಂದು ಸಲ ನೋಡಿ. ಅವನು ಕದ್ದಿಲ್ಲ. ಕದ್ದವನು ನಾನು."

ಇಷ್ಟು ಹೇಳುವಾಗ ನೀವು ಎದ್ದು ಬಂದಿರಿ. ನಿಮಗೆ ಎಲ್ಲ ತಿಳಿದು ಸಿಟ್ಟಿನಿಂದ ಹೊರಟಿರಿ ಎಂದೇ ಸಭೆ ತಿಳಿಯಿತು. ನಿಮ್ಮ ಕಿವಿಯ ವಿಷಯ ಆ ಹೊತ್ತಿಗೆ ಮರೆತು ಅಪ್ಪಯ್ಯನೂ ಹಾಗೇ ತಿಳಿದರು. ರವೀಶಣ್ಣ ಅಳುತ್ತಿದ್ದರು. ಬಟ್ಟೆ ಮುಚ್ಚಿದ್ದ ಚೀಟಿಗಳಲ್ಲಿ ಬರೆದದ್ದು ಯಾವ ಗಿಟಾರು ಯಾರದು ಎಂದಷ್ಟೇ.

ನಿಮಗೂ ಗೊತ್ತಿತ್ತು ಎಂದು ಬರೆದ ಪತ್ರದ ವಿಷಯ ಅಪ್ಪಯ್ಯ ಎತ್ತಲಿಲ್ಲ. ಅದನ್ನೂ ಹೇಳುತ್ತೀರಾ ಎಂದು ಹಿಂದಿನ ದಿನ ನಾನು ಕೇಳಿದ್ದಕ್ಕೆ, "ಅದು ಅವನ ಮಾತು. ಅವ ನಿಂಗೆ ಬರದ್ದು, ಊರಿಗಲ್ಲ" ಎಂದಿದ್ದರು.

ತಪ್ಪು ನನ್ನದು. ಮೊದಲೇ ನಿಮಗೆ ಬರೆಯಬೇಕಿತ್ತು. ಮೈಕಿನ ಮುಂದೆ ನಿಂತಾಗ ಅಪ್ಪಯ್ಯನಿಗೆ ಧೈರ್ಯ ಬಾರದೆ ಹೋದರೆ ನಿಮಗೆ ಇನ್ನೊಂದು ನೋವು ಎಂದು ಹೆದರಿದೆ. ಅವರ ಭಾಷಣದ ಪ್ರತಿ ನಿಮ್ಮ ಕೈಗೆ ಕೊಟ್ಟು ಕೂರಿಸಬೇಕೆಂಬ ಬುದ್ಧಿಯೂ ಬರಲಿಲ್ಲ. ನಿಮಗೆ ಕೇಳಿಸುವುದಿಲ್ಲ ಎಂಬುದನ್ನು ಆ ಸಭೆಯಲ್ಲಿ ಬೇರೆ ಯಾರು ಮರೆತರೂ ನಾನು ಮರೆಯಬಾರದಿತ್ತು.

ವಿನಯಾ

*

ಹೊಸನಗರ
೧೪ ಜನವರಿ ೨೦೨೬

ವಿನಯಮ್ಮ,

ಪತ್ರ ಬಂದು ಐದು ದಿನ ಆಯಿತು. ದಿನಾ ಒಂದೊಂದು ಸಲ ಓದಿದೆ. ನಿನ್ನೆ ಗುತ್ಯಮ್ಮನಿಗೂ ಓದಿ ಹೇಳಿದೆ. ಅದಕ್ಕೆ ಮುಂಚೆ, ನನಗೂ ಅವತ್ತೇ ಗೊತ್ತಿತ್ತು ಎಂಬುದನ್ನು ಹೇಳಿದೆ. ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು, "ಇಷ್ಟೇಯಾ? ಇಷ್ಟಕ್ಕೆ ಊರು ಬಿಡಿಸಿದ್ರಾ ನನ್ನ?" ಎಂದಳು. ಅವಳಿಗೆ ಇದು ಅವಳದೇ ಊರು, ಆದರೂ ಹಾಗೆಂದಳು. ಅವಳ ಮುಖ ನೋಡಿದರೆ ಸಿಟ್ಟು ನನ್ನ ಮೇಲೋ ಹೆಗಡೇರ ಮೇಲೋ ತಿಳಿಯಲಿಲ್ಲ.

ಹೆಗಡೇರು ನನ್ನ ಪಾಲಿನದನ್ನೂ ತಮ್ಮ ಮೇಲೇ ಹಾಕಿಕೊಂಡಿದ್ದಾರೆ. ಬೇಡ ಎನ್ನಬೇಕು ಎಂದು ಪೆನ್ನು ಹಿಡಿದೆ, ಆಗಲಿಲ್ಲ. ದಣಿದಿದ್ದೇನೆ. ಅವರೂ ದಣಿದಿರಬೇಕು.

ನಿಮ್ಮ ಗೋಡೆಯ ಮೇಲಿರುವುದು ನನ್ನದು. ಬಾಗಿದ್ದರೂ ಪರವಾಗಿಲ್ಲ, ಅದು ನನಗೆ ಬೇಕು. ನನ್ನ ಹತ್ತಿರ ಇರುವುದು ಹೆಗಡೇರದ್ದು, ಅದು ಅವರಿಗೆ ಹೋಗಬೇಕು. ನಾನು ಬಸ್ಸಿನಲ್ಲಿ ಹೊತ್ತುಕೊಂಡು ಬರುವುದಿಲ್ಲ. ಅವತ್ತು ಅವರು ನಮ್ಮ ಅಂಗಳಕ್ಕೆ ಬಂದು ಒಯ್ದರು. ಈಗಲೂ ಅವರೇ ಬಂದು ಕೊಡಲಿ. ಎಂಬತ್ತೊಂದಾದರೂ ಕಾರು ಹತ್ತಿ ಕೂರಬಹುದು. ಫೆಬ್ರವರಿಯ ಮೊದಲ ಭಾನುವಾರ ನಾವು ಮನೆಯಲ್ಲೇ ಇರುತ್ತೇವೆ.

ಇನ್ನೊಂದು ವಿಷಯ. ಹದಿನಾಲ್ಕು ವರ್ಷ ಒಂದೇ ವ್ಯಾನಿನಲ್ಲಿ ತಿರುಗಿದೆವು, ಒಂದೇ ಚಾಪೆಯಲ್ಲಿ ಮಲಗಿದೆವು. ನನ್ನನ್ನು ಕರೆಯಲು ಅವರು ಎಷ್ಟೋ ಸಲ ನಮ್ಮ ಬೇಲಿಯ ತನಕ ಬಂದದ್ದುಂಟು. ಅಲ್ಲಿಂದಲೇ ಕೂಗಿ ಕರೆದುಕೊಂಡು ಹೋಗುತ್ತಿದ್ದರು. ಒಂದು ಲೋಟ ನೀರನ್ನೂ ನಮ್ಮ ಮನೆಯಲ್ಲಿ ಕುಡಿದದ್ದಿಲ್ಲ. ನಾನೂ ಕೊಡಲು ಹೋಗಲಿಲ್ಲ, ಅವರೂ ಕೇಳಲಿಲ್ಲ. ಆಗ ಅದು ನನಗೆ ತಪ್ಪು ಎಂದು ಕೂಡ ಅನ್ನಿಸಿರಲಿಲ್ಲ.

ಭಾನುವಾರ ಗುತ್ಯಮ್ಮ ಚಾ ಮಾಡುತ್ತಾಳೆ. ಹೆಗಡೇರು ಒಳಗೆ ಬಂದು ಕೂತು ಕುಡಿಯುತ್ತಾರಾ ಎಂದು ಕೇಳಿ ಬರೆಯಿರಿ. ಕುಡಿಯುವುದಿಲ್ಲ ಎಂದರೆ ಗಿಟಾರನ್ನು ಬಸ್ಸಿಗೆ ಹಾಕಿ ಕಳಿಸಿ.

ಜಯಪ್ಪ